ಮಾಸ್ತರ ಚುಟುಕ, ಅತ್ತೆಯ ಅಡ್ಡಿಲ್ಲೆ

ಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆದಿಟ್ಟರೆ ಧೂಳು, ಬೆಕ್ಕು ಮತ್ತು ಕವಿ ಈ ಮೂರೂ ಕೇಳದೇ ಒಳಗೆ ಬರುತ್ತವೆ. ಶಿರಸಿಯಲ್ಲಿ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಧೂಳನ್ನು ಒರೆಸಿ, ಬೆಕ್ಕನ್ನು ಓಡಿಸಿ ಗೊತ್ತು. ಕವಿಯನ್ನು ಏನು ಮಾಡಬೇಕೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

೧. ಕಾರಣದ ಪೆಟ್ಟಿಗೆ

ನಮ್ಮ ಓಣಿಯ ವಾಟ್ಸಾಪ್ ಗುಂಪು ಜಗಳವಾಡಿ ಮೂರು ಹೋಳಾದಾಗ ನನಗೆ ಸಿಟ್ಟು ಬಂತು. ಯಾರ ಹಂಗೂ ಇಲ್ಲದ, ನಮ್ಮದೇ ಆದ ಒಂದು ಪುಟ ಮಾಡಿಬಿಡೋಣ ಅಂದುಕೊಂಡೆ. ಪರದೆ ಒಡೆದು ಮೂಲೆ ಸೇರಿದ್ದ ಹಳೇ ಲ್ಯಾಪ್‌ಟಾಪನ್ನು ಝೆರಾಕ್ಸ್ ಮಶೀನಿನ ಮೇಲಿನ ಹಲಗೆಗೆ ಏರಿಸಿದೆ. ಅದೇ ನಮ್ಮ ಸರ್ವರ್. ಚಿತ್ರವಿಲ್ಲ, ಲೈಕ್ ಇಲ್ಲ, ಜಾಹೀರಾತಿಲ್ಲ. ನಾಲ್ಕು ಸಾಲು ಬರೆಯಬಹುದು, ಯಾರು ಬೇಕಾದರೂ ಓದಬಹುದು, ಅಷ್ಟೇ.

ಬರೆದದ್ದನ್ನು ಕಾಪಾಡುವುದಕ್ಕೆ ಗಿಟ್ ಎಂಬ ವ್ಯವಸ್ಥೆ ಹಾಕಿದೆ. ಇದರ ಬಗ್ಗೆ ಕಲಿಯುತ್ತ ಹೋದಂತೆ ನಾನು ಬಾಯಿ ಬಿಟ್ಟು ಕೂತಿದ್ದೇನೆ. ಯಾರು ಬರೆದರು, ಆಮೇಲೆ ಯಾವ ಅಕ್ಷರ ಬದಲಿಸಿದರು, ಯಾಕೆ ಬದಲಿಸಿದರು, ಎಲ್ಲವನ್ನೂ ಅದು ಇಟ್ಟುಕೊಳ್ಳುತ್ತದೆ. ಅಳಿಸಿದ್ದೂ ಅದರ ಹೊಟ್ಟೆಯಲ್ಲಿರುತ್ತದೆ. ಏನೂ ಬದಲಾಗದೇ ಸುಮ್ಮನೆ ಗುಂಡಿ ಒತ್ತಿದರೆ ಮಾತ್ರ, ‘ಬದಲಾದದ್ದು ಏನೂ ಇಲ್ಲ’ ಎಂದು ವಾಪಸು ಕಳಿಸುತ್ತದೆ. ಮದುವೆ ಕಾಗದದ ಕರಡನ್ನು ದಿನಾ ಬಂದು ತಿದ್ದಿಸಿ, ಕೊನೆಗೆ ‘ಮೊದಲಿನದೇ ಇರಲಿ’ ಅನ್ನುವ ಗಿರಾಕಿಗಳನ್ನು ಕಂಡವಳು ನಾನು. ಈ ದೇವರು ಇಷ್ಟು ವರ್ಷ ಎಲ್ಲಿದ್ದ ಅನ್ನಿಸಿತು.

ಮೊದಲು ಬಂದವರು ನಮ್ಮ ಓಣಿಯ ಮಾಸ್ತರು. ಸಿದ್ದಾಪುರದ ಹೇರೂರು ಕಡೆಯವರು, ನಿವೃತ್ತರಾಗಿ ಶಿರಸಿಯಲ್ಲೇ ನೆಲೆ ನಿಂತವರು. ಇವರು ಚುಟುಕ ಬರೆಯುತ್ತಾರೆ. ಪತ್ರಿಕೆಗಳಿಗೆ ಕಳಿಸುತ್ತಾರೆ, ಅವು ತಪ್ಪದೇ ತವರಿಗೆ ಮರಳುತ್ತವೆ.

“ಪತ್ರಿಕೆ ಹಾಳಾಗ್ಲಿ ತಂಗಿ,” ಅಂದರು. “ನಿಮ್ಮತ್ತೆ ಬಾಯಿಂದ ಒಂದೇ ಒಂದು ಸಲ ‘ಅಡ್ಡಿಲ್ಲೆ’ ಕೇಳವು. ಮತ್ತೆಂತ ಬ್ಯಾಡ.”

ನಿಮ್ಮತ್ತೆ ಎಂದರೆ ಅವರ ಹೆಂಡತಿ. ಓಣಿಗೆಲ್ಲ ಅವರು ಅತ್ತೆ. ‘ಪರವಾಗಿಲ್ಲ’ ಎಂಬರ್ಥದ ಈ ‘ಅಡ್ಡಿಲ್ಲೆ’ಯ ತೂಕ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಹೊಗಳುವುದೆಂದರೆ ಜನಕ್ಕೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಮದುವೆ ಊಟದ ಹೋಳಿಗೆ ಬಾಯಲ್ಲಿ ಕರಗಿದರೂ ‘ಅಡ್ಡಿಲ್ಲೆ’, ಮೊಮ್ಮಗಳು ಪರೀಕ್ಷೆಯಲ್ಲಿ ಮೊದಲು ಬಂದರೂ ‘ಅಡ್ಡಿಲ್ಲೆ’. ಅದರ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ಮಾಸ್ತರು ಮದುವೆಯಾದಂದಿನಿಂದ ಹೆಂಡತಿಗೆ ಚುಟುಕ ಓದಿ ಹೇಳುತ್ತಿದ್ದಾರೆ. ಅತ್ತೆ ಒಂದೋ “ಹಾಲು ಉಕ್ತಾ ಇದ್ದು” ಅನ್ನುತ್ತಾರೆ, ಇಲ್ಲವೇ “ಆಮೇಲೆ ನೋಡ್ತೆ” ಅನ್ನುತ್ತಾರೆ.

ಮಾಸ್ತರ ಮನೆಯ ಕಂಪ್ಯೂಟರಿನಲ್ಲಿ ಎರಡು ಪೆಟ್ಟಿಗೆ, ಒಂದು ಗುಂಡಿ ಮಾಡಿಕೊಟ್ಟೆ. ಮೇಲಿನ ಪೆಟ್ಟಿಗೆಯಲ್ಲಿ ಚುಟುಕ, ಕೆಳಗಿನದರಲ್ಲಿ ಬದಲಿಸಿದ ಕಾರಣ. “ಕಾರಣ ಒಂದು ಸಾಲು ಸಾಕು ಮಾಸ್ತರೇ. ಪುಟದಲ್ಲಿ ಚುಟುಕದ ಕೆಳಗೆ ಅದೂ ಕಾಣ್ತದೆ,” ಅಂದೆ.

ಮರುದಿನ ನೋಡಿದರೆ ಚುಟುಕದಲ್ಲಿ ‘ಚಂದ್ರ’ ಹೋಗಿ ‘ಹಪ್ಪಳ’ ಬಂದಿತ್ತು. ಕೆಳಗೆ ಕಾರಣ ಹೀಗಿತ್ತು: “ನಿನ್ನೆ ಚಂದ್ರ ದುಂಡಗಿದ್ದಾನೆಂದು ಬರೆದಿದ್ದೆ. ಇಂದು ಇವಳು ಅಂಗಳದಲ್ಲಿ ಹಲಸಿನ ಹಪ್ಪಳ ಹರವುವಾಗ ನೋಡಿದೆ. ಚಂದ್ರ ಅಷ್ಟೇನೂ ದುಂಡಗಿಲ್ಲ. ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಕ್ಷಮಿಸಿ. ಒಂದು ಹಪ್ಪಳವನ್ನು ಕಾಗೆ ಒಯ್ದಿತು, ಅದಕ್ಕೆ ಇವಳು ಕಾಗೆಯ ಮೂರು ತಲೆಮಾರನ್ನು ಬೈದದ್ದನ್ನು ಪ್ರಾಸಕ್ಕೆ ಕೂರಿಸಲಾಗಲಿಲ್ಲ…” ಹೀಗೇ ಮೊಬೈಲಿನಲ್ಲಿ ಹೆಬ್ಬೆರಳು ನೋಯುವವರೆಗೆ ಎಳೆದರೂ ಕಾರಣ ಮುಗಿಯಲೇ ಇಲ್ಲ.

ಫೋನು ಮಾಡಿ ಕೇಳಿದೆ. “ಚುಟುಕ ನಾಲ್ಕೇ ಸಾಲು ತಂಗಿ, ಅಲ್ಲಿ ಜಾಗ ಇಲ್ಲೆ,” ಅಂದರು.

೨. ಹೇಳಿಕೆ

ಪುಟವೇನೋ ಆಯಿತು, ಓದುವವರಿಲ್ಲ. ನಾನು ಮೂರೂ ವಾಟ್ಸಾಪ್ ಗುಂಪಿಗೆ ವಿಳಾಸ ಕಳಿಸಿದೆ. ಒಬ್ಬರೂ ತೆರೆಯಲಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಮುಖ ಸಣ್ಣ ಮಾಡಿಕೊಂಡು, “ನೀವು ಕರೆದೇ ಇಲ್ಲ. ಕರೆಯದೇ ಹ್ಯಾಂಗೆ ಬಂದು ನೋಡೋದು?” ಅಂದರು.

ಮಾಸ್ತರಿಗೆ ಕೂಡಲೇ ಅರ್ಥವಾಯಿತು. ನಮ್ಮಲ್ಲಿ ಕಾಗದ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಮನೆ ಬಾಗಿಲಿಗೆ ಹೋಗಿ ‘ಹೇಳಿಕೆ’ ಹೇಳಬೇಕು, ಅಂದರೆ ಬಾಯಾರೆ ಕರೆಯಬೇಕು. ಅವರು ಶಲ್ಯ ಹೊದ್ದು, ಅಕ್ಷತೆ ಬಟ್ಟಲು ಹಿಡಿದು ಓಣಿಯ ಮನೆಮನೆಗೂ ಹೋದರು. “ಶುಕ್ರವಾರ ನಮ್ಮ ಪುಟ ಇದ್ದು, ಎಲ್ಲರೂ ಬರವು,” ಎಂದು ಕರೆದರು. ಪುಟ ನೋಡಲು ಹೊರಗೆ ಕಾಲಿಡುವುದೇ ಬೇಡ ಎಂಬುದನ್ನು ಹೇಳುವುದು ಮಾಸ್ತರಿಗೂ ಹೊಳೆಯಲಿಲ್ಲ, ಕೇಳುವುದು ಓಣಿಯವರಿಗೂ ಹೊಳೆಯಲಿಲ್ಲ.

ಶುಕ್ರವಾರ ಸಂಜೆ ಇಡೀ ಓಣಿ ನನ್ನ ಅಂಗಡಿ ಮುಂದೆ. ಹೆಂಗಸರು ರೇಶ್ಮೆ ಸೀರೆ ಉಟ್ಟಿದ್ದರು. ನಾನು ಗಾಬರಿಬಿದ್ದು ಪಕ್ಕದ ಹೋಟೆಲಿನಿಂದ ಕಷಾಯ, ಅವಲಕ್ಕಿ ತರಿಸಿದೆ. ಮಾಸ್ತರು ಹಲಗೆಯ ಮೇಲಿನ ಲ್ಯಾಪ್‌ಟಾಪ್ ತೋರಿಸಿದರು. ಅದರ ಒಡೆದ ಪರದೆಯಲ್ಲಿ ಏನೂ ಕಾಣದು, ಒಂದು ಹಸಿರು ದೀಪ ಮಾತ್ರ ಮಿಣಿಮಿಣಿ ಅನ್ನುತ್ತಿತ್ತು. ಎಲ್ಲರೂ ಕತ್ತು ಚಾಚಿ ಅದನ್ನೇ ನೋಡಿದರು. ಒಬ್ಬ ಅಜ್ಜಿ ಕೈಮುಗಿದರು. ನನಗೂ ಆ ದೀಪ ಅಂದು ಬೇರೆಯೇ ಆಗಿ ಕಂಡಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಕಷಾಯ ಕುಡಿದು ಎಲ್ಲರೂ ಹೊರಟರು. ಪುಟವನ್ನು ಒಬ್ಬರೂ ತೆರೆದಿರಲಿಲ್ಲ. ಹೋಗುವಾಗ ಪಕ್ಕದ ಮನೆಯವರು ನನ್ನ ಕೈ ಹಿಡಿದು, “ಕಾರ್ಯ ಅಚ್ಚುಕಟ್ಟಾಗಿ ಆಯ್ತು. ಅವಲಕ್ಕಿಗೆ ಸ್ವಲ್ಪ ಉಪ್ಪು ಮುಂದಿತ್ತು,” ಅಂದರು.

೩. ಮೊಗೆಕಾಯಿ

ಕರೆದ ಮೇಲೆ ಬಿಡುವ ಜನ ನಮ್ಮವರಲ್ಲ. ನಿಧಾನಕ್ಕೆ ಓದತೊಡಗಿದರು. ಓಣಿಯವರು ನೆಂಟರಿಗೆ ಹೇಳಿ, ನೆಂಟರು ಅವರ ನೆಂಟರಿಗೆ ಹೇಳಿ ಪುಟ ಬನವಾಸಿಯವರೆಗೆ ಹೋಯಿತು.

ಒಮ್ಮೆ ಗಾಳಿಗೆ ಕಂಬ ಬಿದ್ದು ಪೇಟೆಯ ನಮ್ಮ ಭಾಗದಲ್ಲಿ ಕರೆಂಟು ಹೋಯಿತು. ಸರ್ವರ್ ಮಲಗಿತು. ಎರಡನೇ ದಿನ ಹುಲಗೋಳದಿಂದ ಒಬ್ಬ ಹಿರಿಯರು ಬಸ್ಸು ಹತ್ತಿ ಬಂದು ಅಂಗಡಿ ಮೆಟ್ಟಿಲ ಮೇಲೆ ನಿಂತರು. ಕಂಕುಳಲ್ಲಿ ಒಂದು ಭಾರೀ ಮೊಗೆಕಾಯಿ, ಸಾಂಬಾರಿಗೆ ಹಾಕುವ ಹಳದಿ ಸೌತೆ. ನಾನು ಅವರನ್ನು ಕಂಡದ್ದೇ ಇಲ್ಲ.

“ಪುಟ ಕಾಣ್ತಾ ಇಲ್ಲೆ. ಎಂತಾದ್ರೂ ಹೆಚ್ಚುಕಮ್ಮಿ ಆತೇನ, ನೋಡ್ಕಂಡು ಹೋಪನ ಹೇಳಿ ಬಂದೆ,” ಅಂದರು.

ಎಲ್ಲರೂ ಆರಾಮ, ಕರೆಂಟಿಲ್ಲದೇ ಕಂಪ್ಯೂಟರ್ ಮಲಗಿದೆ ಎಂದು ತೋರಿಸಿದೆ. ಅವರು ಸಮಾಧಾನದ ಉಸಿರು ಬಿಟ್ಟು ಮೊಗೆಕಾಯಿಯನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟರು.

“ಇದೆಂತಕ್ಕೆ?” ಅಂದೆ.

“ಹುಷಾರಿಲ್ಲದವರನ್ನ ಕಾಣಲೆ ಬರಿಗೈಯಲ್ಲಿ ಬಪ್ಪಲಾಗ್ತಾ?”

ಗೊತ್ತಿಲ್ಲದ ಮಾಸ್ತರ ಹಪ್ಪಳ, ಕಾಗೆಯ ಸುದ್ದಿಗೆ ಮನುಷ್ಯ ಅಷ್ಟು ದೂರದಿಂದ ಬಂದನಲ್ಲ ಎಂದು ಸ್ಟೂಲು ಒರೆಸಿ ಕೂರಿಸಿದೆ. ಅಷ್ಟರಲ್ಲಿ ಕರೆಂಟು ಬಂತು. ಹಸಿರು ದೀಪ ಹತ್ತಿತು. ಅವರು ಮೊಗೆಕಾಯಿಯ ಕಡೆ ನೋಡಿ, “ತಂಪು ಅದು. ಯಾರಿಗಾದ್ರೂ ಮದ್ದಿನ ಹಾಂಗೆ ನಾಟ್ತು,” ಅಂದರು.

೪. ಜಂಟಿ ಕವಿಗಳು

ಯಲ್ಲಾಪುರದ ಸಾಹೇಬರು ದಿನಾ ಶಿರಸಿಗೆ ಪಾರ್ಸೆಲ್ ಗಾಡಿ ಓಡಿಸುವವರು. ಗಾಡಿ ಎಲ್ಲಿದೆ ಎಂದು ಗಿರಾಕಿಗಳು ಫೋನು ಮಾಡಿ ಪ್ರಾಣ ತೆಗೆಯುತ್ತಾರೆಂದು ಅವರೂ ನಮ್ಮ ಪುಟದಲ್ಲಿ ಬರೆಯಲು ಶುರು ಮಾಡಿದರು.

ಒಂದು ದಿನ ಅವರೂ ಮಾಸ್ತರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಬರೆದರು. ಹೀಗಾದಾಗ ಗಿಟ್ ತಾನಾಗಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಇಬ್ಬರ ಮಾತನ್ನೂ ಎದುರುಬದುರು ಇಟ್ಟು, ನಡುವೆ ಗುರುತು ಹಾಕಿ, ‘ನೀವೇ ತೀರ್ಮಾನಿಸಿ’ ಅನ್ನುತ್ತದೆ. ತೀರ್ಮಾನಿಸಬೇಕಾದ ನಾನು ಊಟಕ್ಕೆ ಹೋಗಿದ್ದೆ. ನಾನೇ ಅವಸರದಲ್ಲಿ ಬರೆದಿಟ್ಟ ಪ್ರೋಗ್ರಾಂ ಎರಡನ್ನೂ ಹೊಸೆದು ಪುಟಕ್ಕೆ ಏರಿಸಿಬಿಟ್ಟಿತು:

ಮೋಡವೇ, ನೀನೇಕೆ ತಡೆದೆ?
= = = = =
ಮಂಚಿಕೇರಿ ಹತ್ತಿರ ಪಂಕ್ಚರ್.
> > > > >
ಬಾರದಿದ್ದರೂ ಬಾಗಿಲು ತೆರೆದೇ ಇದೆ.
= = = = =
ಪಾರ್ಸೆಲ್ ಇದ್ದವರು ನಾಳೆ ಬನ್ನಿ.

ನಾನು ಊಟ ಮುಗಿಸಿ ಬರುವಷ್ಟರಲ್ಲಿ ಕಾಲೇಜಿನ ಕನ್ನಡ ಮೇಷ್ಟ್ರೊಬ್ಬರ ಫೋನು. “ಅದ್ಭುತ! ನಿರೀಕ್ಷೆ, ಭಂಗ, ಮತ್ತೆ ಭರವಸೆ! ಆ ಬಾಣದ ಗುರುತುಗಳಿವೆಯಲ್ಲ, ಎದೆಗೆ ನಾಟಿದವು. ಯಾರು ಈ ಜಂಟಿ ಕವಿಗಳು?” ಅಂದರು. ಸಂಜೆಯೊಳಗೆ ಆ ಕವನ ಊರೆಲ್ಲ ಸುತ್ತಿತು.

ಸಾಹೇಬರು ಮರುದಿನ ಪೇಢೆ ಡಬ್ಬಿ ತಂದರು. “ಅರೇ ಮೇಡಂ, ಖರೇ ಹೇಳ್ತೀನಿ, ನಮ್ಮ ಖಾನ್‌ದಾನಿನಲ್ಲಿ ಯಾರೂ ಶಾಯರ್ ಇರಲಿಲ್ಲ. ಈಗ ಯಲ್ಲಾಪುರ ಸ್ಟ್ಯಾಂಡಲ್ಲಿ ಎಲ್ಲಾರೂ ಇನ್ನೊಂದು ಹೇಳ್ರಿ ಅಂತಾರೆ.”

“ಹೇಳಿ ಮತ್ತೆ,” ಅಂದೆ.

“ಹ್ಯಾಂಗೆ ಹೇಳ್ಲಿ? ಹೊಸಾ ಟೈರ್ ಹಾಕಿಸಿಬಿಟ್ಟೀನಿ.”

೫. ಬದಲಾದದ್ದು ಏನೂ ಇಲ್ಲ

ಮಾಸ್ತರು ಪೇಢೆ ಮುಟ್ಟಲಿಲ್ಲ. ಜೀವಮಾನವೆಲ್ಲ ಬರೆದದ್ದಕ್ಕೆ ಸಿಕ್ಕ ಮೊದಲ ಹೊಗಳಿಕೆ ಪಂಕ್ಚರಿಗೆ ಹೋಗಿತ್ತು. “ಪೇಟೆಯವರ ಮಾತು ಬಿಡಿ, ಅತ್ತೆ ಏನಂದ್ರು?” ಎಂದು ಕೇಳಿದೆ. ಕೇಳಬಾರದಿತ್ತು.

“ಹಾಲು ಉಕ್ತಾ ಇತ್ತಡ,” ಅಂದು ಎದ್ದು ಹೋದರು.

ಮರುದಿನ ಸಾಹೇಬರ ಪಾರ್ಸೆಲ್ ಸುದ್ದಿ ಬಿಟ್ಟರೆ ಪುಟ ಖಾಲಿ. ಮಾಸ್ತರು ತಮ್ಮ ಒಂದೊಂದು ಚುಟುಕವನ್ನೂ ಅಳಿಸಿ ಹಾಕಿದ್ದರು. ಕಾರಣದ ಪೆಟ್ಟಿಗೆಯಲ್ಲಿ, ಮೊಟ್ಟಮೊದಲ ಬಾರಿಗೆ, ಒಂದೇ ಸಾಲು: “ಮನೆಯಲ್ಲಿ ಓದುವವರಿಲ್ಲ.” ಅದನ್ನು ಓದಿ ನನಗೆ ಆ ದಿನ ಯಾವ ಕೆಲಸವೂ ಕೈಗೆ ಹತ್ತಲಿಲ್ಲ.

ಮಧ್ಯಾಹ್ನ ಅಂಗಡಿಗೆ ಅತ್ತೆ ಬಂದರು. ಎಂದೂ ಬಂದವರಲ್ಲ. ತರಕಾರಿ ಚೀಲವನ್ನು ಮೇಜಿನ ಮೇಲಿಟ್ಟು, ಅದರೊಳಗಿಂದ ಹಳೇ ಮೊಬೈಲು ತೆಗೆದು ನನ್ನ ಮುಂದೆ ಹಿಡಿದರು. ಪರದೆಗೆ ಅರಿಶಿನದ ಬೆರಳು ತಾಗಿ ತಾಗಿ ಹಳದಿಯಾಗಿತ್ತು.

“ತಂಗೀ, ಇದರಲ್ಲಿ ಎಂತದೂ ಇಲ್ಲೆ. ಫೋನು ಹಾಳಾತಾ?”

“ಅತ್ತೆ, ನೀವು ಇದನ್ನ ಓದ್ತೀರಾ?”

“ದಿನಾ ಓದ್ತೆ. ನಿಮ್ಮ ಮಾಸ್ತರು ಮಧ್ಯಾಹ್ನ ಮಲಗಿದ ಮೇಲೆ.”

ಮಾಸ್ತರು ಅಳಿಸಿಬಿಟ್ಟಿದ್ದಾರೆ ಎಂದೆ. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ನಾನು ಕೀಲಿಮಣೆಯ ಮುಂದೆ ಕೂತು, ನಿನ್ನೆಗೆ ಹಿಂದಿರುಗು ಎಂದು ಗಿಟ್‌ಗೆ ಹೇಳಿದೆ. ಪುಟದಲ್ಲಿ ಹಪ್ಪಳ ಬಂತು, ಕಾಗೆ ಬಂತು, ಒಂದೊಂದಾಗಿ ಎಲ್ಲವೂ ಬಂದು ಕೂತವು. ಅದು ಹಾಗೆ ಮಾಡುತ್ತದೆಂದು ನನಗೆ ಗೊತ್ತಿತ್ತು. ಆದರೂ ಕಣ್ಣೆದುರು ಬಂದ ಒಂದೊಂದನ್ನೂ ಮತ್ತೆ ಓದಿದೆ.

“ಅಳಿಸಿದ್ದೂ ಇರ್ತಾ?” ಅತ್ತೆ ಪಿಸುಮಾತಿನಲ್ಲಿ ಕೇಳಿದರು. ಹಲಗೆಯ ಮೇಲಿನ ದೀಪವನ್ನು ಬಹಳ ಹೊತ್ತು ನೋಡಿದರು.

“ಅತ್ತೆ, ಮಾಸ್ತರ ಚುಟುಕ ಹ್ಯಾಂಗಿವೆ?” ಬಿಡದೇ ಕೇಳಿದೆ.

“ಚುಟುಕ ಎನಗೆ ತಿಳಿತಿಲ್ಲೆ,” ಅಂದರು. ಆಮೇಲೆ ಸೆರಗಿನಿಂದ ಮೊಬೈಲು ಒರೆಸುತ್ತ, “ಎಂತಕ್ಕೆ ಬದಲ್ಸಿದ್ದು ಹೇಳಿ ಕೆಳಗೆ ಬರೆದಿರ್ತಲ… ಅದು ಅಡ್ಡಿಲ್ಲೆ.”

ನಾನು ಹಾರಿಬಿದ್ದೆ. “ಇದನ್ನ ಅವರಿಗೆ ಹೇಳಬಾರದಾ? ಪಾಪ, ಎಷ್ಟು ವರ್ಷದಿಂದ ಕಾಯ್ತಿದಾರೆ!”

“ಹೇಳಿದ್ರೆ ಬದಲ್ಸದು ನಿಲ್ಸಿಬಿಡ್ತ. ಮತ್ತೆ ಆನು ಎಂತ ಓದದು? ನೀನೂ ಹೇಳಡ,” ಅಂದು ಚೀಲ ಎತ್ತಿಕೊಂಡು ಹೋದರು.

ಬೇರೆ ಯಾವ ಗುಟ್ಟಾದರೂ ಇಟ್ಟುಕೊಳ್ಳುತ್ತಿದ್ದೆ. ಇದು ನನ್ನ ಹೊಟ್ಟೆಯಲ್ಲಿ ಅತ್ತೆ ಓಣಿಯ ತಿರುವು ದಾಟುವವರೆಗೂ ನಿಲ್ಲಲಿಲ್ಲ. ಮಾಸ್ತರಿಗೆ ಫೋನು ಮಾಡಿ ಹೇಳಿಬಿಟ್ಟೆ. ಆ ಕಡೆಯಿಂದ ಮೂಗು ಸೀಟಿದ ಸದ್ದು ಕೇಳಿತು, ಫೋನು ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಮಾಸ್ತರದೇ ಫೋನು. ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಕೇಳುವಷ್ಟು ದೊಡ್ಡ ದನಿ.

“ತಂಗೀ, ನಿನ್ನ ಯಂತ್ರ ಹಾಳಾಜು! ತಗತ್ತೇ ಇಲ್ಲೆ!”

“ಏನು ಬರೆದ್ರಿ?”

“ಚುಟುಕ ಎಂತ ಮುಟ್ಟಿದ್ನಿಲ್ಲೆ, ಎಲ್ಲ ಹಾಂಗೇ ಇದ್ದು. ಕಾರಣದ ಪೆಟ್ಟಿಗೆಯಲ್ಲಿ ‘ಇವಳು ಅಡ್ಡಿಲ್ಲೆ ಅಂದಿದ್ದಾಳೆ’ ಹೇಳಿ ಬರೆದು ಗುಂಡಿ ಒತ್ತಿರೆ, ‘ಬದಲಾದದ್ದು ಏನೂ ಇಲ್ಲ’ ಹೇಳ್ತು!”

“ಅದು ಹಾಗೇ ಮಾಸ್ತರೇ. ಏನೂ ಬದಲಾಗದಿದ್ರೆ ಅದು ಬರೆದುಕೊಳ್ಳೋದಿಲ್ಲ.”

“ಅದಕ್ಕೆಂತ ಗೊತ್ತಿದ್ದು!” ಮಾಸ್ತರು ಕೂಗಿದರು. “ಮದ್ವೆ ಆದಾಗಿಂದ ಈ ಮನೆಯಲ್ಲಿ ಇಷ್ಟು ದೊಡ್ಡ ಬದಲಾವಣೆ ಆಗಿತ್ತಿಲ್ಲೆ ಹೇಳು ಅದಕ್ಕೆ!”