ಆಲ್ಪ್ಸ್ ಪರ್ವತದಲ್ಲಿ ನಾಲ್ಕು ಸೀಟಿ

ಆಲ್ಪ್ಸ್ ಪರ್ವತಕ್ಕೆ ಹೋದ ಮೇಲೆ ಒಲೆಯ ಕಡೆ ತಲೆ ಹಾಕಿ ಕೂಡ ಮಲಗುವುದಿಲ್ಲ ಎಂದು ನಾಚಾರಂನ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಾನು ಘೋಷಿಸಿದೆ. ಕೈಯಲ್ಲಿ ಕಸಬರಿಗೆ ಇತ್ತು. ಆದರೂ ಆ ಕ್ಷಣದಲ್ಲಿ ಅದು ರಾಜದಂಡದ ಹಾಗೆಯೇ ಕಂಡಿರಬೇಕು!

ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಒಂದು ವಾರ ಹಿಮದಲ್ಲಿ ಜಾರುವ ಹಕ್ಕಿಲ್ಲವೇ? ಇಲ್ಲಿಯವರೆಗೆ ನಾನು ಜಾರಿದ್ದೆಲ್ಲ ಬಚ್ಚಲಲ್ಲಿ, ಅದೂ ಬೇರೆಯವರು ಸೋಪು ಚೆಲ್ಲಿದಾಗ.

"ಆತು. ಯಾರು ಬ್ಯಾಡ ಅಂದ್ರು?" ಎಂದ ನನ್ನ ಗಂಡ ಕಾಶಿನಾಥ, ಪೇಪರಿನಿಂದ ತಲೆ ಎತ್ತದೆ.

ಈ ಕಾಶಿನಾಥ ಇಲ್ಲೇ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರು. ಬಾಯ್ಲರುಗಳಿಗೆ ಪ್ರೆಶರ್ ವಾಲ್ವ್ ಮಾಡಿಸುತ್ತಾನೆ. ಅರ್ಧ ತೆಲಂಗಾಣದ ಉಗಿ ಅವನ ಅಂಕೆಯಲ್ಲಿದೆ, ನಮ್ಮ ಮನೆಯ ಕುಕ್ಕರಿನದೊಂದನ್ನು ಬಿಟ್ಟು. ನಮ್ಮ ಜೊತೆ ಹೊರಟವರು ಪಕ್ಕದ ಮನೆಯ ಅಮರೇಶಪ್ಪ ಮತ್ತು ಅವರ ಹೆಂಡತಿ ಶಿವದೇವಿ. ಅಮರೇಶಪ್ಪನವರಿಗೆ ಕಾಚಿಗೂಡದಲ್ಲಿ ಬಟ್ಟೆ ಅಂಗಡಿ. ಹಿಮದ ಪ್ರದೇಶಕ್ಕೆ ಬೇಕಾದ ಉಣ್ಣೆಯನ್ನೆಲ್ಲ ಅವರೇ ಒದಗಿಸಿದರು. ವಿಮಾನ ಹತ್ತುವಾಗ ನಾವು ನಾಲ್ವರೂ ನಡೆದಾಡುವ ಹಾಸಿಗೆಗಳ ಹಾಗಿದ್ದೆವು.

ಆಸ್ಟ್ರಿಯಾದ ಆ ಹಳ್ಳಿಯಲ್ಲಿ ನಮಗೆ ಗೊತ್ತುಮಾಡಿದ್ದು 'ಸೆಲ್ಫ್ ಕೇಟರಿಂಗ್' ವಸತಿ. ಊಟ ತಾನಾಗಿಯೇ ಬರುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಬಾಗಿಲು ತೆಗೆದರೆ ಎದುರಿಗೇ ಅಡುಗೆಮನೆ! ಆ 'ಸೆಲ್ಫ್' ಯಾರು ಎಂಬುದನ್ನು ಮತ್ತೆ ಯಾರೂ ವಿವರಿಸಬೇಕಾಗಲಿಲ್ಲ.

ಕಾಶಿನಾಥ ಪೆಟ್ಟಿಗೆ ಬಿಚ್ಚಿದ. ಎರಡು ಸ್ವೆಟರಿನ ನಡುವಿನಿಂದ, ಆಗಷ್ಟೇ ಹುಟ್ಟಿದ ಕೂಸನ್ನು ಎತ್ತುವ ಹಾಗೆ, ನಮ್ಮ ಕುಕ್ಕರನ್ನು ಹೊರತೆಗೆದ.

"ಇದನ್ಯಾಕ ತಂದ್ರಿ?"

"ಇರ್ಲಿ ಅಂತ. ಇಲ್ಲಿ ಮಂದಿ ಬರೇ ಚೀಸ್ ತಿಂತಾರಂತ. ನಾಲಿಗಿಗೆ ಜರಾ ಬ್ಯಾಳಿ ಬೇಕಲ್ಲ?"

"ನಾಲಿಗಿ ನಿಮ್ಮದು. ಕೈ ಯಾರವು?"

ಅಷ್ಟರಲ್ಲಿ ಗೋಡೆಯಾಚೆಯಿಂದ 'ಸುಂಯ್' ಎಂದು ಒಂದು ಉದ್ದ ಸೀಟಿ ಬಂತು. ಅಮರೇಶಪ್ಪನವರೂ ತಮ್ಮ ಕುಕ್ಕರು ತಂದಿದ್ದರು! ಶಿವದೇವಿ ಆಗಲೇ ಅನ್ನಕ್ಕಿಟ್ಟಿದ್ದಳು.

ಅಡುಗೆಮನೆಯಿಂದ ತಪ್ಪಿಸಿಕೊಳ್ಳಲು ಗುಡ್ಡಕ್ಕೆ ಹೋದರೆ ಅಲ್ಲಿಯೂ ಗದ್ದಲ. ಮೇಲೆ ಒಯ್ಯುವ ಲಿಫ್ಟಿನ ಮುಂದೆ, ಹಬ್ಬದ ಹಿಂದಿನ ದಿನ ಕಾಚಿಗೂಡ ಸ್ಟೇಷನ್ನಿಗೆ ರೈಲು ಬಂದಾಗ ಸೇರುವಷ್ಟು ಜನ. ಕಾಲಿಗೆ ಉದ್ದುದ್ದ ಹಲಗೆ ಕಟ್ಟಿಕೊಂಡು ನಾನು ಅಂಗುಲ ಅಂಗುಲವಾಗಿ ಇಳಿಯುತ್ತಿದ್ದರೆ, ಹಾಲುಹಲ್ಲಿನ ಮಕ್ಕಳು ನನ್ನ ಎರಡೂ ಪಕ್ಕಗಳಿಂದ ಬಾಣದ ಹಾಗೆ ಹೋಗುತ್ತಿದ್ದವು. ಅದನ್ನೂ ಸಹಿಸಬಹುದಿತ್ತು. ಆದರೆ ಗುಡ್ಡದ ಮೇಲಿನಿಂದ ಕಾಶಿನಾಥನ ಕೂಗು: "ಏ, ನನ್ನ ಕೈಗವಸು ಎಲ್ಲಿ ಅದಾವ?" ಕೆಳಗೆ ಬಂದರೆ ಇನ್ನೊಂದು: "ನೀರಿನ ಬಾಟ್ಲಿ ಎಲ್ಲಿ ಐತಿ?" ಎಲ್ಲಿ, ಎಲ್ಲಿ, ಎಲ್ಲಿ! ನಾಚಾರಂನಲ್ಲಿ ಕೇಳುವ ಪ್ರಶ್ನೆಗಳೇ ಇಲ್ಲಿ ಬಾಯಿಂದ ಹೊಗೆಯೊಡನೆ ಬರುತ್ತಿದ್ದವು. ಅಷ್ಟೇ ವ್ಯತ್ಯಾಸ.

ನನಗೆ ಬೇಕಾದದ್ದು ಒಂದೇ ಒಂದು ಗಳಿಗೆ. ಯಾರೂ ನನ್ನನ್ನು ಏನೂ ಕೇಳದ ಗಳಿಗೆ.

ವಸತಿಯ ಮೇಜಿನ ಹಿಂದೆ ಕೂರುವ ಹೆಂಗಸನ್ನು ಗುಟ್ಟಾಗಿ ವಿಚಾರಿಸಿದೆ, "ಸದ್ದಿಲ್ಲದ ಇಳಿಜಾರು ಎಲ್ಲಾದರೂ ಇದೆಯೇ?"

ಆಕೆ ನನ್ನ ಮುಖವನ್ನು ಒಂದು ಸಲ ನೋಡಿ ಎಲ್ಲ ತಿಳಿದುಕೊಂಡಳು. ನೆರಳಿನ ಬದಿಯಲ್ಲಿ ಒಂದು ಹಳೆಯ, ನಿಧಾನದ ಲಿಫ್ಟ್ ಇದೆಯಂತೆ. ಅಲ್ಲಿ ಕಾಫಿ ಅಂಗಡಿಯಿಲ್ಲ, ಬಿಸಿಲಿಲ್ಲ, ಅದಕ್ಕೇ ಜನವಿಲ್ಲ. ಮೆತ್ತಗಿನ ಇಳಿಜಾರು, ಹೊಸಬರಿಗೆ ಹೇಳಿ ಮಾಡಿಸಿದ್ದು. "ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹೋಗು. ಇಡೀ ಗುಡ್ಡ ನಿನ್ನದು" ಎಂದಳು.

ಎಲ್ಲರೂ ಊಟಕ್ಕೆ ಕೂತಾಗ! ಗುಡ್ಡ ಬರಿದಾಗುವ ಹೊತ್ತಿಗೆ ಸರಿಯಾಗಿ ನನ್ನ ಅಡುಗೆಮನೆ ತುಂಬುತ್ತದೆ. ಜಗತ್ತಿನ ಮೌನವನ್ನೆಲ್ಲ ಹಂಚುವಾಗ ಹೆಂಗಸರ ಪಾಲಿನದನ್ನು ಯಾರೋ ಕುಕ್ಕರಿನ ಕೆಳಗೆ ಇಟ್ಟುಬಿಟ್ಟಿದ್ದಾರೆ.

ಆ ರಾತ್ರಿ ಊಟಕ್ಕೆ ನಾಲ್ವರೂ ಕೂಡಿದಾಗ ಹೇಳಿಯೇಬಿಟ್ಟೆ. "ನಾಳೆ ಮಧ್ಯಾಹ್ನ ನಾ ಗುಡ್ಡಕ್ಕ ಹೋಗಾಕಿ. ಬ್ಯಾಳಿ ನೀವು ಮಾಡ್ರಿ."

"ನಾನ?" ಕಾಶಿನಾಥನ ತುತ್ತು ಅರ್ಧ ದಾರಿಯಲ್ಲಿ ನಿಂತಿತು.

"ಬಾಯ್ಲರ್ ಕುದಿಸೋರಿಗೆ ಬ್ಯಾಳಿ ಕುದಿಸಾಕ ಬರಂಗಿಲ್ಲೇನು?"

"ಬಾಯ್ಲರಿಗೆ ಮೀಟರ್ ಇರ್ತೈತಿ. ಇದಕ್ಕೇನೈತಿ, ಬರೇ ಸೀಟಿ!"

"ನಾಲ್ಕು ಸೀಟಿ. ಒಲಿ ಬಂದ್. ಮುಗೀತು."

"ಎಣಿಕಿ ತಪ್ಪಿದ್ರ?"

ನಾನು ನಕ್ಕೆ. ಎಣಿಕೆ ತಪ್ಪುವುದೆಂದರೇನು! ಕಥೆ ಬರೆಯುವಾಗ, ಫೋನಿನಲ್ಲಿ ಜಗಳವಾಡುವಾಗ, ಜ್ವರದಲ್ಲಿ ಕನವರಿಸುವಾಗಲೂ ನನ್ನ ಸೀಟಿಯ ಲೆಕ್ಕ ತಪ್ಪಿದ್ದಿಲ್ಲ. "ನಿದ್ದಿಗಣ್ಣಾಗ ಎಬ್ಬಿಸಿ ಕೇಳ್ರಿ, ಎಷ್ಟನೇ ಸೀಟಿ ಅಂತ ಹೇಳ್ತೀನಿ" ಎಂದು ಎದೆಯುಬ್ಬಿಸಿದೆ.

ಶಿವದೇವಿ ತಟ್ಟೆ ಸರಿಸಿದಳು. "ನಾನೂ ಅಕ್ಕನ ಪಾರ್ಟಿ. ರೀ, ನಾಳೆ ಕಡ್ಲಿ ಉಸುಳಿ ನಿಮ್ಮ ಕೈಯಿಂದ. ನಾ ಬಿಸಲಾಗ ಬೆಂಚಿನ ಮ್ಯಾಲ ಕುಂತು ಬಿಸಿ ಚಾಕಲೇಟ್ ಕುಡಿತೀನಿ."

"ನಂಗ ಅರಿವಿ ಆದ್ರ ಮೀಟರ್‌ನ್ಯಾಗ ಅಳಿಯಾಕ ಬರ್ತೈತಿ, ಕಡ್ಲಿ ಬರಂಗಿಲ್ಲ" ಎಂದು ಅಮರೇಶಪ್ಪ ಗೊಣಗಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಮರುದಿನ ಫೋನನ್ನು ದಿಂಬಿನ ಕೆಳಗೆ ಹೂತಿಟ್ಟು ಹೊರಟೆ. ಹಳೆಯ ಲಿಫ್ಟು ಮುದುಕಿಯ ಮೊಣಕಾಲಿನ ಹಾಗೆ ಕಿರುಗುಟ್ಟುತ್ತ, ಹಿಮ ಹೊತ್ತ ಮರಗಳ ನಡುವೆ ನನ್ನನ್ನು ಮೇಲಕ್ಕೆ ತೂಗಿಕೊಂಡು ಹೋಯಿತು. ತುದಿಯಲ್ಲಿ ಇಳಿದು ನೋಡಿದರೆ ಯಾರೂ ಇಲ್ಲ. ಮಂಜು ಹಾಲಿನ ಕೆನೆಯ ಹಾಗೆ ಮೆಲ್ಲಗೆ ಕಟ್ಟುತ್ತಿತ್ತು. ನಾನು ಜಾರತೊಡಗಿದೆ. ಬಿದ್ದೆ, ಎದ್ದೆ, ಮತ್ತೆ ಜಾರಿದೆ. ಒಂದು ತಿರುವು, ಇನ್ನೊಂದು ತಿರುವು. ಆಮೇಲೆ ದಿಕ್ಕು ತಪ್ಪಿತು. ದಿಕ್ಕು ತಪ್ಪಿದ್ದೂ ಹಿತವಾಗಿಯೇ ಇತ್ತು. ಬಹುಶಃ ಆಸ್ಟ್ರಿಯಾ ದಾಟಿರಬೇಕು, ಬಹುಶಃ ಭೂಮಿಯನ್ನೇ.

ಒಂದು ಮರದ ಬುಡದಲ್ಲಿ ನಿಂತೆ. ಎಂಥ ಮೌನ! ಕೊಂಬೆಯಿಂದ ಹಿಮ ಉದುರಿದರೆ ಅದರ ಸದ್ದೂ ಹಿಮದೊಳಗೇ ಮಲಗುತ್ತಿತ್ತು. ಕಣ್ಣು ಹಾಯುವವರೆಗೆ ಬಿಳುಪು. ಈ ಬಿಳುಪನ್ನು ಯಾರೂ ಒಗೆದು ತಂದದ್ದಲ್ಲ. ಇದನ್ನು ಯಾರೂ ಹಿಂಡಬೇಕಿಲ್ಲ, ಹರವಬೇಕಿಲ್ಲ, ಮಡಚಿ ಇಡಬೇಕಿಲ್ಲ. ಮೇಲೆ ಹೆಜ್ಜೆಯ ಗುರುತು ಬಿದ್ದರೆ ಮತ್ತೆ ತಾನೇ ಮುಚ್ಚಿಕೊಳ್ಳುವ ನೆಲ! ಇಂಥ ನೆಲದ ಮೇಲೆ ಹುಟ್ಟಿದ್ದರೆ ನಾನು ಎಷ್ಟು ಕಥೆ ಬರೆಯುತ್ತಿದ್ದೆನೋ. ಕಣ್ಣು ತಾನಾಗಿ ಮುಚ್ಚಿತು. ನನ್ನ ಹೆಸರು ನನಗೇ ಮರೆಯುತ್ತ ಬಂತು.

ಆಗ ಎಲ್ಲಿಂದಲೋ, ತುಂಬ ದೂರದಿಂದ, ಒಂದು ಸೀಟಿ ಕೇಳಿಸಿತು.

ಹಿಮದ ಹಕ್ಕಿ ಇರಬೇಕು! ಎಷ್ಟು ಇಂಪು! ಸ್ವಲ್ಪ ಹೊತ್ತಿಗೆ ಎರಡನೆಯ ಸೀಟಿ. ಪಾಪ, ಜೊತೆಗಾರನನ್ನು ಕರೆಯುತ್ತಿದೆ ಎಂದುಕೊಂಡೆ. ಮೂರನೆಯದಕ್ಕೆ ಕೈಗವಸಿನೊಳಗೆ ನನ್ನ ಬಲಗೈ ಬೆರಳು ಅದುರಿದವು. ಯಾಕೆಂದು ತಿಳಿಯಲಿಲ್ಲ.

ನಾಲ್ಕನೆಯ ಸೀಟಿ ಬಂತು. ಮನಸ್ಸು ಇನ್ನೂ ಸ್ವರ್ಗದಲ್ಲಿತ್ತು, ಆದರೆ ಮೈ ಕಾಯಲಿಲ್ಲ. ಎದುರಿಗೆ ಇಲ್ಲದ ಒಲೆಯ ಗುಂಡಿ ತಿರುವಲು ಕೈ ಚಾಚಿ, ಮುಂದಕ್ಕೆ ಬಾಗಿ, ಇಡೀ ಪರ್ವತಕ್ಕೆ ಕೇಳುವಂತೆ ಕೂಗಿದೆ:

"ನಾಲ್ಕಾತು! ಬಂದ್ ಮಾಡ್ರೀ!"

"ಮಾಡ್ರೀ... ಮಾಡ್ರೀ... ಮಾಡ್ರೀ..." ಎಂದು ಆಲ್ಪ್ಸ್ ಪರ್ವತ ಅಚ್ಚ ಕನ್ನಡದಲ್ಲಿ ಮಾರ್ನುಡಿಯಿತು.

ಬಾಗಿದ್ದೇ ತಪ್ಪಾಯಿತು. ಕಾಲ ಕೆಳಗಿನ ಹಲಗೆಗಳು ನನ್ನ ಅಪ್ಪಣೆ ಕೇಳದೆ ಹೊರಟವು. ಮಂಜು ಹರಿಯಿತು, ಮರ ಹೋಯಿತು, ಬೇಲಿ ಹೋಯಿತು, ಒಂದು ಮನೆಯ ಚಾವಣಿ ಎದ್ದು ಬಂತು! ಧೊಪ್ಪನೆ ಸೊಂಟದವರೆಗೆ ಒಂದು ಹಿಮದ ರಾಶಿಯಲ್ಲಿ ನೆಟ್ಟು ನಿಂತೆ. ತಲೆಯೆತ್ತಿದರೆ ಒಂದು ಬಾಲ್ಕನಿ. ಬಾಲ್ಕನಿಯಲ್ಲಿ ಸೊಂಟಕ್ಕೆ ಟವೆಲು ಸುತ್ತಿ, ಕೈಯಲ್ಲಿ ಸೌಟು ಹಿಡಿದ ಕಾಶಿನಾಥ!

ಇಡೀ ಗುಡ್ಡವನ್ನು ಪ್ರದಕ್ಷಿಣೆ ಹಾಕಿ ನಾನು ನಿಂತು ಕನಸು ಕಂಡದ್ದು ನಮ್ಮ ಅಡುಗೆಮನೆಯ ಹಿತ್ತಿಲಲ್ಲಿ.

"ಪೆಟ್ಟು ಹತ್ತಿತೇನು?"

"ಮೈಗೆ ಹತ್ತಿಲ್ಲ."

"ಚಲೋ ಆತು ಕೂಗಿದ್ದಿ. ಹೊಗಿ ಹೋಗ್ಲಿ ಅಂತ ಬಾಗಲಾ ತಗದಿದ್ದೆ. ಎರಡಾತೋ ಮೂರಾತೋ ತಿಳೀದ ಭಾಳ ಪರೇಶಾನ್ ಆಗಿದ್ದೆ. ಅಷ್ಟ್ರಾಗ ನಿನ್ನ ದನಿ ಬಂತು, ಬಂದ್ ಮಾಡಿದೆ."

"ಗುಡ್ಡದ ಮ್ಯಾಲಿಂದ ದನಿ ಬಂದ್ರ ಗಾಬರಿ ಆಗ್ಲಿಲ್ಲ?"

"ಯಾಕ? ನಾಚಾರಂನ್ಯಾಗೂ ಹಂಗ ಬರ್ತೈತಲ್ಲ."

ಹೋಗಲಿ, ಎಣಿಕೆಯಾದರೂ ತಪ್ಪಲಿಲ್ಲ ಎಂದು ಹಿಮದೊಳಗೇ ಸೊಂಟ ನೆಟ್ಟಗೆ ಮಾಡಿಕೊಂಡೆ. ಅಷ್ಟರಲ್ಲಿ ಪಕ್ಕದ ಬಾಲ್ಕನಿಯ ಬಾಗಿಲು ತೆರೆಯಿತು. ಅಮರೇಶಪ್ಪ ಕುಕ್ಕರನ್ನು ಎರಡೂ ಕೈಯಲ್ಲಿ ಹಿಡಿದು ಹೊರಬಂದರು.

"ಅಕ್ಕಾರ, ನಿಮ್ಮ ಮಾತು ಕೇಳಿ ನಾನೂ ಬಂದ್ ಮಾಡಿದೆ. ಕಡ್ಲಿ ಗೋಲಿಗುಂಡದಂಗ ಅದಾವ್ರಿ! ನಮ್ದು ಎರಡ ಸೀಟಿ ಆಗಿದ್ವು."

ಕಾಶಿನಾಥ ಒಳಗೆ ಓಡಿ ತನ್ನ ಕುಕ್ಕರನ್ನೂ ತಂದು, ಉಗಿ ಬಿಟ್ಟು, ಮುಚ್ಚಳ ತೆಗೆದ. ಬೇಳೆ ತಳದಲ್ಲಿ, ನೀರು ಮೇಲೆ. ಇನ್ನೂ ಪರಸ್ಪರ ಪರಿಚಯವೇ ಆಗಿರಲಿಲ್ಲ. ನಮ್ಮವು ಎರಡು, ಅವರವು ಎರಡು. ಜ್ವರದಲ್ಲೂ ತಪ್ಪದ ನನ್ನ ಲೆಕ್ಕ!

ಬಿಸಿಲಿನ ಬೆಂಚಿನ ಮೇಲೆ ಕೂತಿದ್ದ ಶಿವದೇವಿ ಬಗ್ಗಿ ನೋಡಿ, ನಕ್ಕು, ಏಳದೆ ಇನ್ನೊಂದು ಗುಟುಕು ಚಾಕಲೇಟು ಕುಡಿದಳು. ನಿಜವಾದ ಪ್ರವಾಸ ಮಾಡಿದವಳು ಅವಳೊಬ್ಬಳೇ.

ನಾನು ಹಿಮದಿಂದ ಒಂದು ಕಾಲು ಕಿತ್ತೆ, ಅಡುಗೆಮನೆಯ ಕಡೆಗೆ. ಕಾಶಿನಾಥ ಸೌಟು ಅಡ್ಡ ಹಿಡಿದ.

"ನೀ ಯಾಕ ಬರ್ತಿ? ನಾವು ಮತ್ತ ಒಲಿ ಹಚ್ಚತೀವಿ. ನೀ ಬೇಫಿಕರ್ ಮ್ಯಾಲ ಹೋಗಿ ಆರಾಮ ನಿಂದರು. ಈ ಸಲ ಬರೇ ನಮ್ಮ ಕುಕ್ಕರಿಂದು ಎಣಸು!"