ಅರ್ಧವೃತ್ತ ಎಲ್ಲಿದೆ, ತೋರಿಸು

ನನ್ನ ಮಗಳಿಗೆ ಆಕಾರಗಳನ್ನು ನಾನೇ ಕಲಿಸುತ್ತೇನೆ ಎಂದು ನಾನು ಘೋಷಿಸಿದ ದಿನ ಇಡೀ ಮಾರ್ಗಿಲಾನ್ ಪಟ್ಟಣ ಎದ್ದು ನಿಂತು ಚಪ್ಪಾಳೆ ತಟ್ಟಬೇಕಿತ್ತು. ತಟ್ಟಲಿಲ್ಲ. ಹೆಂಡತಿ ಮುಕರ್ರಮ್ ಚಹಾ ಬಗ್ಗಿಸುತ್ತ, "ಮೊದ್ಲು ಬಚ್ಚಲುಮನೇಲಿ ಸೊಟ್ಟಗೆ ಕೂರಿಸಿದೀರಲ್ಲ, ಆ ಟೈಲ್ಸ್ ಸರಿ ಮಾಡಿ" ಎಂದಳು, ಅಷ್ಟೆ.

ನನ್ನದು ಟೈಲ್ಸ್ ಅಂಗಡಿ. ಚೌಕ, ಆಯತಗಳನ್ನು ಮಾರಿಯೇ ಸಂಸಾರ ಸಾಗಿಸುವವನು. ಅಂಥವನ ಮಗಳು ಶಹ್ಲಾಗೆ ಐದು ತುಂಬುತ್ತ ಬಂದರೂ ಚೌಕ ಯಾವುದು, ತ್ರಿಕೋನ ಯಾವುದು ತಿಳಿಯದು ಎಂದು ಶಿಶುವಿಹಾರದ ಟೀಚರ್ ಹೇಳಿಕಳಿಸಿದರೆ ರಕ್ತ ಕುದಿಯದೆ ಇರುತ್ತದೆಯೇ?

ಪುಸ್ತಕ ಬೇಡ, ಹಲಗೆ ಬೇಡ, ಮನೆಯೇ ಪಾಠಶಾಲೆ! ಬೆಳಗಿನ ಚಹಾಕ್ಕೆ ಕುಳಿತಾಗ ತಂದೂರಿನ ರೊಟ್ಟಿ ಎತ್ತಿ ಹಿಡಿದು "ವೃತ್ತ" ಎನ್ನುತ್ತಿದ್ದೆ. ನಮ್ಮಲ್ಲಿ ರೊಟ್ಟಿಗೆ ಚಾಕು ತಾಗಿಸುವುದಿಲ್ಲ, ಕೈಯಲ್ಲೇ ಮುರಿಯಬೇಕು. ಹಾಗೆ ಮುರಿದು "ಅರ್ಧವೃತ್ತ" ಎನ್ನುತ್ತಿದ್ದೆ. ವಾರ ಕಳೆಯುವುದರೊಳಗೆ ಮುರಿಯುವ ಕೆಲಸವನ್ನು ಶಹ್ಲಾಳೇ ವಹಿಸಿಕೊಂಡಳು.

ಸಣ್ಣಪುಟ್ಟ ಅನಾಹುತಗಳು ಆಗಲಿಲ್ಲವೆಂದಲ್ಲ. ಸಮೋಸ ತ್ರಿಕೋನವೆಂದು ಕಲಿತ ದಿನ ತಟ್ಟೆಯಲ್ಲಿದ್ದ ಅಷ್ಟೂ ಸಮೋಸಗಳ ಮೂಲೆ ಕಚ್ಚಿಟ್ಟು, "ಈಗ ಇವು ತ್ರಿಕೋನ ಅಲ್ಲ" ಎಂದು ವರದಿ ಒಪ್ಪಿಸಿದಳು. ಪಕ್ಕದ ಮನೆಯ ಹಿರಿಯರ ಬೋಳುತಲೆಯ ಸುತ್ತ ಬೆರಳಾಡಿಸಿ ವೃತ್ತವೆಂದು ಸಾರಿದಳು. ಅಂದಿನಿಂದ ಅವರು ನಮ್ಮ ಮನೆಯಲ್ಲಿ ಟೋಪಿ ತೆಗೆಯುವುದಿಲ್ಲ. ಟೋಪಿಯದ್ದಾದರೋ ಬೇರೆಯೇ ತಲೆನೋವು. ಮೇಲಿನಿಂದ ಚೌಕ, ತಲೆ ತೂರಿಸುವ ಕಡೆ ದುಂಡು. ಯಾವುದಪ್ಪಾ ಸರಿ ಎಂದಳು. ಅಮ್ಮನನ್ನು ಕೇಳು ಎಂದೆ.

ಇದೇ ಹೊತ್ತಿಗೆ ತಂಗಿ ಸಬೋಹತ್‌ಗೆ ಸಂಬಂಧದ ಮಾತು ನಡೆದಿತ್ತು. ಅಪ್ಪ ಇಲ್ಲದ ಮನೆ. ಹೂಂ ಎನ್ನಬೇಕಾದವನು ನಾನು. ಹುಡುಗ ಎಲ್ಯೋರ್, ದನದ ಡಾಕ್ಟರು. ತಂಗಿಗೂ ಇಷ್ಟ, ನನಗೂ ಇಷ್ಟ. ಆದರೆ ಕೇಳಿದ ತಕ್ಷಣ ಕೊಟ್ಟುಬಿಟ್ಟರೆ ಹೆಣ್ಣಿನ ಮನೆಯ ಮರ್ಯಾದೆಯ ಗತಿಯೇನು? ಗಂಡಿನ ಕಡೆಯವರು ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ. ಆ ರೊಟ್ಟಿಯನ್ನು ನಮ್ಮ ಮನೆಯಲ್ಲಿ ಮುರಿದರೆ ಹೆಣ್ಣು ಕೊಟ್ಟಂತೆ. ಇಲ್ಲವಾದರೆ ಗಂಟು ಹಾಗೇ ವಾಪಸು. ಎದುರುಮನೆಯವರು ತಮ್ಮ ಮಗಳಿಗಾಗಿ ನಾಲ್ಕು ಸಲ ಗಂಟು ವಾಪಸು ಕಳಿಸಿ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದರು. ನಮ್ಮದು ಐದಾದರೂ ಆಗಬೇಡವೇ? ನನ್ನ ಲೆಕ್ಕ ಇನ್ನೂ ಎರಡರಲ್ಲೇ ಇತ್ತು.

ಅವರು ಮತ್ತೆ ಬರುವ ದಿನ ಬೆಳಿಗ್ಗೆ ಸಬೋಹತ್ ಅಂಗಳ ಗುಡಿಸುವುದನ್ನು ಬಿಟ್ಟು ನನ್ನೆದುರು ಬಂದು ನಿಂತಳು. ಕಣ್ಣು ಕೆಂಪಗಿತ್ತು.

"ಅಣ್ಣಾ, ಅವರಮ್ಮ ಹೋದ್ಸಲ ಹೊರಡುವಾಗ ಅತ್ತಿಗೆ ಹತ್ರ ಹೇಳಿದ್ರಂತೆ. ಇನ್ನೊಂದೇ ಸಲ ಬರೋದು ಅಂತ."

"ಎಲ್ರೂ ಹಾಗೇ ಹೇಳ್ತಾರೆ ಕಣೇ, ಮತ್ತೆ ಬರ್ತಾರೆ" ಎಂದೆ.

ಅವಳು ಪೊರಕೆ ಹಿಡಿದುಕೊಂಡೇ ಅಡುಗೆಮನೆಗೆ, ಅತ್ತಿಗೆಯ ಹತ್ತಿರ ಹೋದಳು.

ಹುಡುಗನ ತಾಯಿ ಅದೊಲತ್, ಅವನ ಸೋದರಮಾವ, ಇಬ್ಬರೂ ಬಂದು ಕುಳಿತರು. ರೊಟ್ಟಿಯ ಗಂಟು ನಡುವೆ ಕುಳಿತಿತು. ನಾನು ಗಂಟಲು ಸರಿಮಾಡಿಕೊಂಡು ಭಾಷಣ ಶುರು ಮಾಡಿದೆ. ಹುಡುಗಿ ಇನ್ನೂ ಚಿಕ್ಕವಳು, ಹಿರಿಯರನ್ನು ಕೇಳಬೇಕು, ಏಪ್ರಿಕಾಟ್ ಹಣ್ಣಾಗಲಿ, ಆಮೇಲೆ ನೋಡೋಣ. ಅದೊಲತ್‌ರ ಮುಖ ಬಾಡಿತು. ಅವರ ಕೈ ಮೆಲ್ಲಗೆ ಗಂಟಿನ ಕಡೆ ಚಾಚಿತು. ಹೊರಡುವ ಕೈ ಅದು. ನನಗೂ ಒಳಗೊಳಗೇ ಅಳುಕಾಯಿತು, ಆದರೆ ಐದರ ಆಸೆ ಬಿಡಬೇಕಲ್ಲ!

ಬಿಗಿದ ವಾತಾವರಣ ಸಡಿಲವಾಗಲಿ ಎಂದು ಮಗಳನ್ನು ಕರೆದೆ. ಅತಿಥಿಗಳಿಗೆ ಆಕಾರ ತೋರಿಸು ಎಂದೆ. ತೋರಿಸಿದಳು ನೋಡಿ! ಚಹಾ ಬಟ್ಟಲಿನ ಬಾಯಿ ವೃತ್ತ, ಕಿಟಕಿ ಚೌಕ, ಕುಳಿತ ಹಾಸು ಆಯತ, ಸಮೋಸ ತ್ರಿಕೋನ. ಸೋದರಮಾವ ತಲೆದೂಗಿದರು. ನಾನು ಉಬ್ಬಿ ಬಾಗಿಲಲ್ಲಿ ಹಿಡಿಸದಷ್ಟಾದೆ.

ಆಗ ಹೊಸ್ತಿಲಲ್ಲಿ ಚಹಾ ಕೆಟಲ್ ಹಿಡಿದು ನಿಂತಿದ್ದ ಮುಕರ್ರಮ್, "ಶಹ್ಲಾ, ಅರ್ಧವೃತ್ತ ಎಲ್ಲಿದೆ, ತೋರ್ಸು ಪುಟ್ಟಿ" ಎಂದಳು.

ಮಗಳು ಗೋಡೆ ನೋಡಿದಳು, ತಟ್ಟೆ ನೋಡಿದಳು, ಸೋದರಮಾವನ ಮೀಸೆಯನ್ನು ಹತ್ತಿರ ಹೋಗಿ ನೋಡಿದಳು. ಎಲ್ಲೂ ಇಲ್ಲ. ತುಟಿ ಅಳುವುದಕ್ಕೆ ಸಿದ್ಧವಾಯಿತು. ಬೀಗರಾಗಬಹುದಾದವರ ಎದುರು ನನ್ನ ವಿದ್ಯೆಯ ಮಾನ ಹೋಗುವ ಹೊತ್ತು! ನಾನೇ, ಈ ನಾನೇ, ಮುಂದೆ ಬಾಗಿ ಹೇಳಿದೆ:

"ಅಳ್ಬೇಡ ಮಗಳೇ, ಜ್ಞಾಪಿಸ್ಕೋ. ದಿನಾ ಬೆಳಿಗ್ಗೆ ತೋರಿಸ್ತೀನಲ್ಲ?"

ಮುಖ ಅರಳಿತು. ನೇರ ಗಂಟಿನ ಬಳಿ ಹೋಗಿ ಬಟ್ಟೆ ಬಿಚ್ಚಿ, ರೊಟ್ಟಿಯನ್ನು ಹೊಟ್ಟೆಗೆ ಒತ್ತಿಕೊಂಡು ಎರಡೂ ಕೈಯಿಂದ ಮುರಿದೇಬಿಟ್ಟಳು. "ಇದು ಅರ್ಧವೃತ್ತ. ಇದೂನೂ ಅರ್ಧವೃತ್ತ."

ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಸೋದರಮಾವ ಎರಡೂ ಅಂಗೈ ಮೇಲೆತ್ತಿ ಪ್ರಾರ್ಥನೆ ಶುರುಮಾಡಿಬಿಟ್ಟಿದ್ದರು. ಹಿರಿಯರ ಕೈ ಮೇಲೆದ್ದ ಮೇಲೆ ನನ್ನ ಕೈ ಕೆಳಗಿರಲು ಸಾಧ್ಯವೇ? ಅದೂ ಎದ್ದಿತು. ಆಮೀನ್ ಎಂದದ್ದು ನನ್ನದೇ ಬಾಯಿ. ಅದೊಲತ್ ನನ್ನ ಮಗಳನ್ನು ಅಪ್ಪಿಕೊಂಡು ಅತ್ತರು. ಒಳಕೋಣೆಯಿಂದಲೂ ಅಳುವೋ ನಗುವೋ ಗೊತ್ತಾಗದಂಥ ಸದ್ದು ಕೇಳಿಸಿತು.

ಅವರು ಹೋದ ಮೇಲೆ ರೇಗಬೇಕೆಂದುಕೊಂಡು ಅಡುಗೆಮನೆಗೆ ಹೋದೆ. ಸಬೋಹತ್ ಬಟ್ಟಲು ತೊಳೆಯುತ್ತಿದ್ದಳು. ತಿರುಗಿ ನನ್ನನ್ನು ನೋಡಿದಳು. ಅಪ್ಪ ಹೋದ ಮೇಲೆ ಆ ಮುಖದಲ್ಲಿ ಅಷ್ಟು ಬೆಳಕು ನಾನು ಕಂಡಿರಲಿಲ್ಲ. ನನಗೇ ಕಣ್ಣು ತುಂಬಿತು. ಐದನೆಯ ಸಲದ ಮಾತೇ ಮರೆತುಹೋಯಿತು.

ಆದರೂ ಗಂಡಸಿನ ಗತ್ತು ಎಂದೊಂದು ಇದೆಯಲ್ಲ, ಹೆಂಡತಿಯ ಕಡೆ ತಿರುಗಿದೆ. "ಕೇಳೋಕೆ ಬೇರೆ ಆಕಾರಾನೇ ಸಿಗ್ಲಿಲ್ವಾ ನಿಂಗೆ? ಆ ಕೋಣೆಯಲ್ಲಿ ಒಂದಾದ್ರೂ ಅರ್ಧವೃತ್ತ ಇತ್ತಾ?"

ಮುಕರ್ರಮ್ ಮುರಿದ ರೊಟ್ಟಿಯ ಒಂದು ತುಂಡು ನನ್ನ ಕೈಗಿಟ್ಟಳು.

"ಇರ್ಲಿಲ್ಲ, ಶಹ್ಲಾನ ಅಪ್ಪಾ. ಅದಕ್ಕೇ ಕೇಳಿದ್ದು."