ಹೊಸ ಫೋನಿಗೆ ಬಾರದ ಆರಂಕಿ

ಹೊಸ ಫೋನು ಕೈಗೆ ಬಂದ ಮರುದಿನವೇ ಬಸ್ ಡಿಪೋದ ಡ್ಯೂಟಿ ಗುಮಾಸ್ತರಿಗೆ ಅದರ ಕೊರತೆ ಗೊತ್ತಾಯಿತು. ಹಳೆಯದರಲ್ಲಿದ್ದ ಫೋಟೊ, ಹಾಡು, ಷಡ್ಡಕ ದಿನಾ ಕಳಿಸುತ್ತಿದ್ದ ಶುಭೋದಯಗಳೆಲ್ಲ ಚಾಚೂ ತಪ್ಪದೆ ಬಂದಿದ್ದವು. ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಆರಂಕಿಯ ಕೋಡು ಕೊಡುವ ಆಪ್ ಕೂಡ ಬಂದಿತ್ತು. ಒಳಗೆ ಕೋಡು ಮಾತ್ರ ಇರಲಿಲ್ಲ. ಮನೆ ಬದಲಾಯಿಸುವಾಗ ಬೀರು ಹೊತ್ತು ತಂದು ಬಟ್ಟೆಯನ್ನು ಅಲ್ಲೇ ಮರೆತು ಬಂದಂತಾಗಿತ್ತು.

ಆ ಆರಂಕಿ ಹಾಕದೆ ಆಫೀಸಿನ ಕಂಪ್ಯೂಟರು ಅವರನ್ನು ಒಳಗೆ ಬಿಡದು. ನಾಳೆ ಯಾವ ಚಾಲಕನಿಗೆ ಯಾವ ಬಸ್ಸು ಎಂಬ ಪಟ್ಟಿಯನ್ನು ಐದು ಗಂಟೆಯೊಳಗೆ ಏರಿಸಬೇಕು. ಇಲ್ಲದಿದ್ದರೆ ಇವತ್ತಿನದೇ ನಾಳೆಗೂ ಜಾರಿ. ಒಬ್ಬ ಚಾಲಕನ ಹೆಂಡತಿಗೆ ನಾಳೆ ಕಣ್ಣಿನ ಆಪರೇಷನ್. ರಜೆ ಖಂಡಿತ ಎಂದು ಗುಮಾಸ್ತರು ಬೆಳಿಗ್ಗೆಯಷ್ಟೇ ಅವನಿಗೆ ಮಾತು ಕೊಟ್ಟಿದ್ದರು.

ಉಗ್ರಾಣದ ಮೇಲ್ವಿಚಾರಕರು ಕುರ್ಚಿ ಎಳೆದುಕೊಂಡು ಬಂದರು. ಡಿಪೋದವರು ಅವರ ಬೆನ್ನ ಹಿಂದೆ ‘ಸಲಹೆ ಮಾಮ’ ಎನ್ನುತ್ತಿದ್ದರು. ಫೋನು ಆರಿಸಿ ಹಚ್ಚಲು ಹೇಳಿದರು, ಬಾಗಿಲ ಬಳಿ ಎತ್ತಿ ಹಿಡಿಯಲು ಹೇಳಿದರು, ಕೊನೆಗೆ ಬಟ್ಟೆಯಲ್ಲಿ ಒರೆಸಲೂ ಹೇಳಿದರು. ಹಳೇ ಫೋನು ಎಲ್ಲಿ ಎಂದು ಕೇಳಿದ್ದೊಂದೇ ಕೆಲಸಕ್ಕೆ ಬಂತು. ಅದು ಅತ್ತಿಗೆಯ ಪಾಲಾಗಿತ್ತು. ಹಾಡು ಅಳಿಸಬೇಡ ಎಂದು ಆಕೆ ತಾಕೀತು ಮಾಡಿದ್ದರಿಂದ ಗುಮಾಸ್ತರು ಅದನ್ನು ಇದ್ದದ್ದು ಇದ್ದಂತೆಯೇ ಕೊಟ್ಟಿದ್ದರು.

ಮೂರು ಬೀದಿ ಓಡಿ ಅತ್ತಿಗೆಯ ಹೊಲಿಗೆ ಅಂಗಡಿ ಮುಟ್ಟಿದಾಗ ಆಕೆ ಆ ಫೋನಿನಲ್ಲೇ ವೀಡಿಯೊ ನೋಡುತ್ತ ಕೋಟಿನ ತೋಳು ಕತ್ತರಿಸುತ್ತಿದ್ದಳು.

“ಇಪ್ಪತ್ತು ನಿಮಿಷ ಕೂತ್ಕೋ,” ಎಂದಳು ತಲೆಯೆತ್ತದೆ. “ಈಗ ನಿಲ್ಸಿದ್ರೆ ಒಂದು ತೋಳು ಆನೆಗಾಗುತ್ತೆ, ಇನ್ನೊಂದು ಇರುವೆಗೆ.”

ಗುಮಾಸ್ತರು ದಾರದುಂಡೆಗಳ ನಡುವೆ ಕೂತು ಗಡಿಯಾರವನ್ನೇ ನುಂಗುವಂತೆ ನೋಡಿದರು. ಕೊನೆಗೂ ಫೋನು ಕೈಗೆ ಬಂತು. ಆಪ್ ತೆರೆದಾಗ ಹಳೆಯದರ ಪರದೆಯ ಮೇಲೆ ಕ್ಯೂಆರ್ ಎಂಬ ಚೌಕುಳಿ ಚಿತ್ರವೊಂದು ಮೂಡಿತು, ಹೊಸದು ಅದನ್ನು ಒಂದೇ ನೋಟಕ್ಕೆ ಹೀರಿಕೊಂಡಿತು. ಆರು ಅಂಕಿಗಳು ಹೊಸ ಫೋನಿನಲ್ಲಿ ಕುಣಿಯತೊಡಗಿದವು. ಬೇರೆಯವರ ಕಣ್ಣಿಗೆ ಬೀಳದಿರಲೆಂದು ಹಳೆಯದರಲ್ಲಿದ್ದ ಕೋಡನ್ನು ಅವರು ಕೈಯಾರೆ ಅಳಿಸಿದರು.

ಡಿಪೋಗೆ ಮರಳಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಆ ಚಾಲಕ ಕಿಟಕಿಯಾಚೆ ಕಾದು ನಿಂತಿದ್ದ. ಗುಮಾಸ್ತರು ಅವನತ್ತ ನಕ್ಕು ಅಂಕಿ ಒತ್ತಿದರು. ಈ ಕೋಡು ಚಾಲ್ತಿಯಲ್ಲಿಲ್ಲ ಎಂದಿತು ಕಂಪ್ಯೂಟರು. ಅರ್ಧ ನಿಮಿಷ ತಾಳಿ ಮುಂದಿನ ಅಂಕಿ ಒತ್ತಿದರು. ಅದೇ ಉತ್ತರ.

ಅಷ್ಟರಲ್ಲಿ ಸಲಹೆ ಮಾಮ ಬಂದು ಹೆಗಲ ಮೇಲೆ ಕೈಯಿಟ್ಟರು. ಇವರ ಪರದಾಟ ನೋಡಲಾಗದೆ ತಾವೇ ಮುಖ್ಯ ಕಚೇರಿಗೆ ಫೋನು ಮಾಡಿ, ಗುಮಾಸ್ತರ ಫೋನು ಕಳೆದಿದೆಯೆಂದು ಹೇಳಿ, ಹಳೇ ಕೋಡನ್ನೆಲ್ಲ ನಿಂತ ನಿಲುವಿನಲ್ಲೇ ರದ್ದು ಮಾಡಿಸಿದ್ದರಂತೆ.

ಗುಮಾಸ್ತರು ಗಡಿಯಾರದತ್ತ ನೋಡಿ, ಕಿಟಕಿಯಾಚೆಯ ಚಾಲಕನತ್ತ ನೋಡಿದರು.

“ಯಾಕೆ ಗಾಬರಿ? ಹೊಸದು ಈಗ್ಲೇ ಕೊಡ್ತಾರೆ,” ಎಂದರು ಮಾಮ ಸಮಾಧಾನವಾಗಿ. “ಕೇಳ್ತಿರೋದು ನೀವೇ ಅಂತ ಖಾತ್ರಿ ಆಗ್ಬೇಕಲ್ಲ, ಅದಕ್ಕೆ ಒಂದ್ಸಲ ಹಳೇ ಕೋಡು ಹಾಕಿದ್ರೆ ಸಾಕಂತೆ.”